ವಾರಿಜಕ್ಕನ ದೀಪಕ್ಕೆ ಚೂಡಿ ಹಾಕಿದ್ದು

ಮೊದಲಿಗೇ ಹೇಳಿಬಿಡುತ್ತೇನೆ. ತಿರುಗುವಂಥ ಯಾವ ವಸ್ತು ಕಣ್ಣಿಗೆ ಬಿದ್ದರೂ ಅದನ್ನು ಒಂದು ಸಲ ಬಿಗಿ ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಬಾಟಲಿಯ ಮುಚ್ಚಳ, ಕುಕ್ಕರಿನ ಹಿಡಿ, ಕನ್ನಡಕದ ಕಡ್ಡಿಯ ಪುಟ್ಟ ಸ್ಕ್ರೂ, ಲೋಕಲ್ ರೈಲಿನ ಕಿಟಕಿಯ ಬೋಲ್ಟು, ಎಲ್ಲದರ ಕಡೆಗೂ ನನ್ನ ಬೆರಳು ತಾನಾಗಿಯೇ ಹೋಗುತ್ತದೆ. ಒಮ್ಮೆ ಯಾರದೋ ಮದುವೆಯಲ್ಲಿ ಊಟದ ಮೇಜಿನ ಕಾಲು ಅಲುಗಾಡುತ್ತಿದೆಯೆಂದು ಬಗ್ಗಿ ಅದರ ನಟ್ಟು ತಿರುಗಿಸುತ್ತ ಕೂತಿದ್ದೆ. ಪಾಯಸ ಬಡಿಸುವವನು ಕುರ್ಚಿ ಖಾಲಿಯೆಂದುಕೊಂಡು ಮುಂದೆ ಹೋಗಿಬಿಟ್ಟ. ಪಾಯಸ ಹೋದರೆ ಹೋಗಲಿ, ಮೇಜು ನಿಂತಿತಲ್ಲ ಎಂದು ನಾನು. ಊರಿನವರ ನಟ್ಟೆಲ್ಲ ಬಿಗಿ ಮಾಡಿ ನಿಮ್ಮ ತಲೆಯದ್ದೊಂದನ್ನು ಮಾತ್ರ ಯಾಕೆ ಸಡಿಲ ಬಿಟ್ಟಿದ್ದೀರಿ ಎಂದು ನನ್ನ ಹೆಂಡತಿ ಸುಗುಣ.

ಹಾಗೆಂದು ನಾನು ಮೆಕ್ಯಾನಿಕ್ಕೂ ಅಲ್ಲ, ಇಂಜಿನಿಯರೂ ಅಲ್ಲ. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕೂತು ಆಯುಷ್ಯ ಸವೆಸಿದವನು. ಅಲ್ಲಿ ಗ್ರೈಂಡರು ಕೈಕೊಟ್ಟರೆ ಸ್ಪ್ಯಾನರು ಹಿಡಿದು ಓಡುತ್ತಿದ್ದವನು ನಾನೇ. ಗ್ರೈಂಡರು ನಿಂತರೆ ಮರುದಿನ ದೋಸೆಯಿಲ್ಲ, ಉಡುಪಿ ಹೋಟೆಲಿನಲ್ಲಿ ದೋಸೆಯಿಲ್ಲವೆಂದರೆ ಗಿರಾಕಿಗಳು ನಮ್ಮ ವಂಶದ ಮೇಲೆಯೇ ಸಂಶಯ ಪಡುತ್ತಾರೆ. ಹೀಗೆ ಹೊಟ್ಟೆಪಾಡಿಗಾಗಿ ಅಂಟಿದ ಚಟ, ಹೋಟೆಲು ಬಿಟ್ಟು ಕಾಂದಿವಲಿಯ ಮನೆಯಲ್ಲಿ ಆರಾಮಾಗಿ ಕೂತಮೇಲೆ ಶುದ್ಧ ಹವ್ಯಾಸವಾಯಿತು.

ಈ ಹವ್ಯಾಸ ನನ್ನನ್ನು ಒಂದು ದೀಪದ ಉಸಾಬರಿಗೆ ತಂದು ನಿಲ್ಲಿಸಿದ ಕತೆಯನ್ನು ನಿಮಗೆ ಹೇಳಬೇಕು.

ಕಾಂದಿವಲಿಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ಬಳಗಕ್ಕೆ ಸ್ವಂತ ಜಾಗವಿಲ್ಲ, ಸ್ವಂತ ಮೈಕಿಲ್ಲ, ಇರುವ ಸ್ವಂತ ಆಸ್ತಿಯೆಂದರೆ ಒಂದು ಹಿತ್ತಾಳೆಯ ಕಾಲುದೀಪ. ಎದೆಮಟ್ಟದ ಎತ್ತರ. ಕೆಳಗೆ ಗಂಟೆಯಾಕಾರದ ಪೀಠ, ಮೇಲೆ ಎರಡು ತುಂಡು ಕಂಬ, ಅದರ ಮೇಲೆ ಐದು ಬತ್ತಿಯ ತಟ್ಟೆ, ತುದಿಯಲ್ಲೊಂದು ಹಂಸ. ಇದನ್ನು ಬಳಗಕ್ಕೆ ಕೊಟ್ಟವರು ವಾರಿಜಕ್ಕ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದಾಗ ತವರಿನವರು ಕಟ್ಟಿ ಕಳಿಸಿದ ದೀಪವಂತೆ. ಚಾಳಿನ ಒಂದೇ ಕೋಣೆಯ ಮನೆ. ದೀಪ ನಿಲ್ಲಿಸಿದರೆ ಗಂಡ ಮಲಗುವ ಹಾಗಿಲ್ಲ, ಗಂಡ ಮಲಗಿದರೆ ದೀಪ ನಿಲ್ಲಿಸುವ ಹಾಗಿಲ್ಲ. ಬಳಗ ಶುರುವಾದಾಗ 'ಇದು ನಿಮಗಾದ್ರೂ ಆಗ್ಲಿ ಮಾರಾಯ್ರೆ' ಎಂದು ತಂದು ಕೊಟ್ಟರು. ಗಂಡ ತೀರಿಕೊಂಡ ಮೇಲೆ ಮನೆಯಿಂದಲೇ ಊಟದ ಡಬ್ಬಾ ಕಳಿಸಿ ಮಕ್ಕಳನ್ನು ಓದಿಸಿದವರು ಅವರು. ಈಗ ಎಪ್ಪತ್ತು ದಾಟಿದೆ. ಧ್ವನಿಗೆ ಮಾತ್ರ ವಯಸ್ಸಾಗಿಲ್ಲ.

ಇಂಥ ದೀಪದ ತುಂಡುಗಳನ್ನು ಒಂದರೊಳಗೊಂದು ತಿರುಗಿಸಿ ಕೂಡಿಸಬೇಕು, ನಿಮಗೆ ಗೊತ್ತಿದೆ. ತಿರುಗಿಸಿ ಕೂಡಿಸುವುದಕ್ಕೆ ಒಳಗೆ ಸುತ್ತುಗೆರೆ ಬೇಕು. ಅದಕ್ಕೆ ಕೆಲವರು ಮರೆ ಎನ್ನುತ್ತಾರೆ, ಮುಂಬಯಿಯಲ್ಲಿ ಮರಾಠಿಯವರು ಆಟೆ ಎನ್ನುತ್ತಾರೆ, ಹಿಂದಿಯವರು ಚೂಡಿ ಎನ್ನುತ್ತಾರೆ. ನಾವು ಮುಂಬಯಿ ಕನ್ನಡಿಗರು ಯಾರೊಂದಿಗೂ ಜಗಳಕ್ಕೆ ಹೋಗದೆ ಎದುರಿಗಿರುವವನ ಮುಖ ನೋಡಿ ಮಾತಾಡುತ್ತೇವೆ. ನಾನು ಇಲ್ಲಿ ಚೂಡಿ ಎಂದೇ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಕಲಿಸಿದ ಮನುಷ್ಯ ಹಾಗೇ ಹೇಳುತ್ತಿದ್ದ. ವರ್ಷವರ್ಷವೂ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಕೂಡಿಸಿ, ನಮ್ಮ ದೀಪದ ಚೂಡಿಯೆಲ್ಲ ಸವೆದು ನುಣ್ಣಗಾಗಿತ್ತು. ಕೂಡಿಸಿದರೆ ಕೂಡುತ್ತದೆ, ಆದರೆ ನಿಲ್ಲುವುದಿಲ್ಲ. ಇದಕ್ಕೆ ನಮ್ಮ ಕಾರ್ಯಕರ್ತರು ಕಂಡುಕೊಂಡ ಉಪಾಯವೆಂದರೆ ಬಾಳೆನಾರು. ಸಭೆಯ ದಿನ ಹೆಂಗಸರು ಹೂ ಕಟ್ಟಲು ತಂದ ನಾರಿನಲ್ಲೇ ಒಂದೆಳೆ ಎತ್ತಿ ಸಂದಿಗೆ ಸುತ್ತಿ ತಿರುಗಿಸುವುದು. ಎಣ್ಣೆ ಹೊಯ್ದು ನಾರು ನೆನೆಯುವವರೆಗೆ ದೀಪ ನೆಟ್ಟಗೆ. ಆಮೇಲೆ ಅದಕ್ಕೆ ತೂಕಡಿಕೆ.

ಆದ್ದರಿಂದ ವಾರಿಜಕ್ಕ ದೀಪ ಹಿಡಿಯುತ್ತಿದ್ದರು. ಪ್ರತಿವರ್ಷ ಮುಖ್ಯ ಅತಿಥಿಗಳು ಮೇಣದಬತ್ತಿ ಹಿಡಿದು ದೀಪ ಬೆಳಗುವಾಗ, ಹಿಂದುಗಡೆ ತುಸು ಬಗ್ಗಿ, ಸೇವಂತಿಗೆ ಮಾಲೆಯೊಳಗೆ ಕೈತೂರಿಸಿ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಅವರ ಕೆಲಸ. ಬೇರೆ ಯಾರಾದರೂ ಹಿಡಿಯುತ್ತೇನೆಂದರೆ ಬಿಡುತ್ತಿರಲಿಲ್ಲ. ಅದು ಯಾವ ಕಡೆಗೆ ವಾಲುತ್ತದೆ ಎಂಬುದು ನನಗೆ ಮಾತ್ರ ಗೊತ್ತು ಎನ್ನುತ್ತಿದ್ದರು. ಬಳಗದ ಹಳೆಯ ಫೋಟೋಗಳನ್ನು ನೋಡಿದರೆ ಮಂತ್ರಿಗಳು ಬದಲಾಗಿದ್ದಾರೆ, ಪ್ರೊಫೆಸರುಗಳು ಬದಲಾಗಿದ್ದಾರೆ, ಅಧ್ಯಕ್ಷರ ತಲೆಗೂದಲು ಬದಲಾಗಿದೆ. ಹಿಂದೆ ಬಗ್ಗಿ ನಿಂತ ವಾರಿಜಕ್ಕ ಮಾತ್ರ ಎಲ್ಲದರಲ್ಲೂ ಇದ್ದಾರೆ.

ಹೋದ ವರ್ಷ ಅವರಿಗೆ ಶೀತವಾಗಿತ್ತು. ಮುಖ್ಯ ಅತಿಥಿಗಳು ಬತ್ತಿಗೆ ಬೆಂಕಿ ಮುಟ್ಟಿಸುವ ಹೊತ್ತಿಗೆ ಸರಿಯಾಗಿ ಒಂದು ಸೀನು ಬಂತು. ಸಣ್ಣ ಸೀನಲ್ಲ. ದೀಪ ವಾಲಿ, ಎಣ್ಣೆ ಅತಿಥಿಗಳ ರೇಷ್ಮೆ ಜುಬ್ಬಾದ ಮೇಲೆ ಬಿತ್ತು. ಅವರು ದೊಡ್ಡ ಮನುಷ್ಯರು, ನಕ್ಕು ಸುಮ್ಮನಾದರು. ನಮ್ಮ ಅಧ್ಯಕ್ಷ ಸದಾನಂದರು ಮಾತ್ರ ಸುಮ್ಮನಾಗಲಿಲ್ಲ. ಬಳಗದವರೆಲ್ಲ ಸೇರಿದ ಈ ವರ್ಷದ ಮೊದಲ ಮೀಟಿಂಗಿನಲ್ಲೇ, ಬ್ಯಾಟರಿಯ ದೀಪವೊಂದು ಬಂದಿದೆ, ಬಟನ್ ಒತ್ತಿದರೆ ಐದೂ ಬತ್ತಿ ಒಟ್ಟಿಗೆ ಉರಿಯುತ್ತವೆ, ಎಣ್ಣೆಯ ರಗಳೆಯಿಲ್ಲ, ಹಳೆಯದನ್ನು ಯಾವುದಾದರೂ ದೇವಸ್ಥಾನಕ್ಕೆ ಕೊಟ್ಟುಬಿಡೋಣ ಎಂದರು. ಸದಾನಂದರು ಕೆಟ್ಟವರಲ್ಲ. ಕೇಟರಿಂಗ್ ನಡೆಸುವವರು, ಯಾವುದೂ ಚೆಲ್ಲಬಾರದೆಂಬುದು ಅವರ ಧರ್ಮ.

ವಾರಿಜಕ್ಕ ಏನಾದರೂ ಅನ್ನುತ್ತಾರೆಂದು ನಾವೆಲ್ಲ ಕಾದೆವು. ಅವರು ಅರ್ಧ ಚಹಾ ಬಿಟ್ಟು ಎದ್ದರು. ಚಹಾ ಬಿಡುವ ಜೀವವಲ್ಲ ಅದು. ನನ್ನ ಬಾಯಿ ತಾನಾಗಿ ತೆರೆಯಿತು. 'ವಾರ್ಷಿಕೋತ್ಸವದ ಒಳಗೆ ನಾನು ಅದನ್ನು ಗಟ್ಟಿ ಮಾಡಿಸ್ತೇನೆ. ಆಗದಿದ್ದರೆ ಬಟನ್ ಒತ್ತುವಾ' ಎಂದುಬಿಟ್ಟೆ. ಸದಾನಂದರು ನಕ್ಕು 'ಆಯ್ತು ಮಾರಾಯ್ರೆ, ನೋಡುವಾ' ಎಂದರು. ದೀಪದ ಐದು ತುಂಡನ್ನೂ ಗೋಣಿಗೆ ತುಂಬಿಸಿ ಮನೆಗೆ ತಂದೆ.

ತಂದದ್ದೇನೋ ತಂದೆ, ಗಟ್ಟಿ ಮಾಡುವುದು ಹೇಗೆ? ಸವೆದ ಚೂಡಿಗೆ ಔಷಧವಿಲ್ಲ. ಬಾಲ್ಕನಿಯಲ್ಲಿ ತುಂಡುಗಳನ್ನು ಹರಡಿಕೊಂಡು ನಾಲ್ಕಾರು ದಿನ ಕೂತೆ. ಸುಗುಣ ಬಟ್ಟೆ ಒಣಗಿಸಲು ಅವುಗಳನ್ನು ದಾಟುತ್ತ ಹೋಗುತ್ತಿದ್ದಳು. ಕಡೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಬೆಳಿಗ್ಗೆ ಅವಳು ಇಡ್ಲಿ ಸ್ಟ್ಯಾಂಡನ್ನು ಎತ್ತಿ ಮೇಲಿನ ಗುಬ್ಬಿಯನ್ನು, ಎಂದರೆ ತಿರುಪಿನ ಹಿಡಿಯನ್ನು, ತಿರುಗಿಸುತ್ತಿದ್ದಳು. ತಟ್ಟೆ ಮೇಲೆ ತಟ್ಟೆ, ನಡುವೆ ಒಂದೇ ಒಂದು ಸರಳು, ತುದಿಯಲ್ಲೊಂದು ಗುಬ್ಬಿ. ಹೋಟೆಲಿನಲ್ಲಿ ಆಯುಷ್ಯ ಕಳೆದು ಲಕ್ಷಾಂತರ ಇಡ್ಲಿ ನೋಡಿದ್ದೇನೆ, ಸ್ಟ್ಯಾಂಡನ್ನು ಆ ದಿನವೇ ನೋಡಿದ್ದು. ದೀಪದ ಹೊಟ್ಟೆಯೂ ಪೊಳ್ಳು! ಪೀಠದಿಂದ ಹಂಸದವರೆಗೆ ಒಂದೇ ಸರಳು ತೂರಿಸಿ, ಕೆಳಗೆ ನಟ್ಟು, ಮೇಲೆ ಹಂಸವನ್ನೇ ಗುಬ್ಬಿ ಮಾಡಿ ಬಿಗಿದರೆ ನಡುವಿನ ತುಂಡುಗಳು ಎಲ್ಲಿಗೆ ಹೋಗುತ್ತವೆ? 'ಇಡ್ಲಿ! ಇಡ್ಲಿ!' ಎಂದು ಕೂಗಿದೆ. 'ಬೇಯ್ಲಿಕ್ಕೆ ಇನ್ನೂ ಟೈಮುಂಟು, ಬೊಬ್ಬೆ ಹಾಕ್ಬೇಡಿ' ಎಂದಳು ಸುಗುಣ.

ಹಂಸವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋದೆ. ಅಲ್ಲಿ ಗದಗ ಕಡೆಯ ಮೌಲಾಸಾಬರದ್ದು ಒಂದು ಗಾಳಾ ಇದೆ. ಗಾಳಾ ಎಂದರೆ ಒಂದೇ ಕೋಣೆಯ ಕಾರ್ಖಾನೆ. ಹೋಟೆಲಿನ ಗ್ರೈಂಡರಿನ ಕಾಲದಿಂದಲೂ ಪರಿಚಯ. ಕೆಲಸಗಾರರ ಹತ್ತಿರ ಹಿಂದಿ, ಫೋನಿನಲ್ಲಿ ಹೆಂಡತಿಯ ಹತ್ತಿರ ದಖನಿ, ನನ್ನ ಹತ್ತಿರ ಗದಗದ ಕನ್ನಡ. ಮೂರರಲ್ಲೂ ಅವರು ಮಾತು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಉಡುಪಿ ಹೋಟೆಲಿನವರೆಲ್ಲ ಅವರಿಗೆ ಶೆಟ್ರೇ. ನಾನು ಶೆಟ್ಟಿಯಲ್ಲವೆಂದು ಬಹಳ ಸಲ ಹೇಳಿ ಸೋತು, ಈಗ ಒಪ್ಪಿಕೊಂಡಿದ್ದೇನೆ.

ಹಂಸದ ಹೊಟ್ಟೆಯ ತೂತಿನೊಳಗೆ ಬೆರಳು ಹಾಕಿ ನೋಡಿದರು. 'ಕೆಳಗಿನ ತುಂಡೆಲ್ಲಾ ಸತ್ತಾವ್ರಿ. ಇದರಾಗಿನ ಚೂಡಿ ಮಾತ್ರ ಜೀವಂತ ಐತಿ. ಮೂರು ಸೂತ್, ಅಂದ್ರ ಇಂಚಿನ ಎಂಟರಾಗ ಮೂರು ಪಾಲು. ಹಿತ್ತಾಳಿ ರಾಡ್ ಕೊಡ್ತೀನಿ, ಎರಡೂ ತುದಿಗೆ ಚೂಡಿ ಹಾಕಿದ್ರ ಮುಗೀತು' ಎಂದರು. ಹಾಗಾದರೆ ನಿಮ್ಮ ಲೇಥ್ ಯಂತ್ರದಲ್ಲಿ ಹಾಕಿಕೊಡಿ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. 'ಅಲ್ರೀ ಶೆಟ್ರ, ಆರ್ಡರ್ ಮಾಲು ನಡದೈತಿ. ಒಂದ್ ರಾಡಿಗೋಸ್ಕರ ಸೆಟ್ಟಿಂಗ್ ಬಿಚ್ಚಂದ್ರ ಹೆಂಗ್ರೀ? ಡೈ ಐತಿ, ವೈಸ್ ಐತಿ, ನಿಮಗ ಎರಡು ಕೈ ಅದಾವು. ನೀವ ಹಾಕ್ಕೋರಿ.'

ಡೈ ಎಂದರೆ ನಾಣ್ಯದ ಹಾಗಿರುವ ಒಂದು ಗಟ್ಟಿ ಉಕ್ಕಿನ ಬಿಲ್ಲೆ. ನಡುವೆ ತೂತು, ತೂತಿನ ಅಂಚಿನಲ್ಲಿ ಹಲ್ಲು. ಅದನ್ನು ಎರಡು ಹಿಡಿಯಿರುವ ಚೌಕಟ್ಟಿನಲ್ಲಿ ಕೂಡಿಸಿ, ನೆಟ್ಟಗೆ ನಿಲ್ಲಿಸಿದ ಸರಳಿನ ತಲೆಯ ಮೇಲಿಟ್ಟು ಒತ್ತಿ ತಿರುಗಿಸಬೇಕು. ಹಲ್ಲು ಸರಳನ್ನು ಕಚ್ಚಿ ಸುತ್ತುಗೆರೆ ಕೊರೆಯುತ್ತ ಕೆಳಗಿಳಿಯುತ್ತದೆ. ಹೇಳುವುದಕ್ಕೆ ಇಷ್ಟೆ. ಮೌಲಾಸಾಬರು ಕಲಿಸುತ್ತೇನೆಂದು ಒಂದು ತುಂಡು ಸರಳನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿದರು. 'ನೋಡ್ರಿ, ಮೊದಲು ಅರದಿಂದ ತುದೀ ಇಳಿಜಾರು ಮಾಡಬೇಕು. ಆಮ್ಯಾಲೆ ಡೈ ನೆಟ್ಟಗ ಕೂಡಿಸಬೇಕು. ಇಲ್ಲೇ ಎಲ್ಲಾರೂ ತಪ್ಪತಾರ. ಗಮನ ಇಲ್ಲೇ ಇರಬೇಕು' ಎನ್ನುತ್ತ, ತಿರುಗಿಸುತ್ತ, ತಮ್ಮ ತಂಗಿಯ ಮದುವೆಯ ಬಿರ್ಯಾನಿಗೆ ಉಪ್ಪು ಹಾಕಲು ಮರೆತ ಭಟ್ಟಾರಿಯ ಕತೆ ಶುರುಮಾಡಿದರು. ಉಪ್ಪಿನ ವಿಷಯ ಮುಗಿಯುವಷ್ಟರಲ್ಲಿ ಡೈ ಒಂದು ಕಡೆಗೆ ವಾಲಿ, ಚೂಡಿ ಕುಡಿದವನ ನಡಿಗೆಯ ಹಾಗೆ ಓರೆಯಾಗಿ ಇಳಿದಿತ್ತು. ಇಬ್ಬರೂ ಅದನ್ನು ನೋಡಿದೆವು. 'ಈ ರಾಡ ಸೊಟ್ಟ ಐತ್ರಿ' ಎಂದರು ಮೌಲಾಸಾಬರು. ರಾಡು ನೆಟ್ಟಗೇ ಇತ್ತು. ನಾನು ಹೌದೆಂದೆ.

ನನ್ನ ಸರಳನ್ನು ಬೇಕಾದ್ದಕ್ಕಿಂತ ಗೇಣುದ್ದ ಹೆಚ್ಚಿಗೆ ಕತ್ತರಿಸಿ ಕೊಟ್ಟರು. ಯಾಕೆ ಎಂದೆ. 'ನೀವು ಸೊಟ್ಟ ಹಾಕೋದು ಗ್ಯಾರಂಟಿ ಐತ್ರಿ. ಕತ್ತರಿಸಿ ಮತ್ತ ಹಾಕಾಕ ಜಾಗ ಬೇಕಲ್ರಿ?' ಇದಕ್ಕಿಂತ ಒಳ್ಳೆಯ ಆಶೀರ್ವಾದ ನನಗೆ ಯಾರೂ ಮಾಡಿಲ್ಲ.

ಶುಕ್ರವಾರ ಮಧ್ಯಾಹ್ನ ಅವರೂ ಕೆಲಸಗಾರರೂ ನಮಾಜಿಗೆ ಹೋಗುತ್ತಾರೆ, ವೈಸು ಖಾಲಿಯಿರುತ್ತದೆ. ಆ ಹೊತ್ತಿಗೆ ಬಂದು ಮಾಡಿಕೊಳ್ಳಿ ಎಂದರು. ಆ ದಿನ ಮನೆಯಿಂದ ಹೊರಡುವಾಗ ಸುಗುಣ ಒಂದು ಸಣ್ಣ ಸೀಸೆಯಲ್ಲಿ ತೆಂಗಿನೆಣ್ಣೆ ಕಟ್ಟಿಕೊಟ್ಟಳು. ಲೋಹ ಕೊರೆಯುವಾಗ ಎಣ್ಣೆ ಬೇಕೆಂದು ನಾನು ಹೇಳಿದ್ದೆ. ನಮ್ಮ ಕಡೆಯವರಿಗೆ ಎಣ್ಣೆ ಎಂದರೆ ತೆಂಗಿನೆಣ್ಣೆ. ತಲೆಗೆ, ಬಾಣಲೆಗೆ, ಕಿರುಗುಟ್ಟುವ ಬಾಗಿಲಿಗೆ, ಮಂಡಿನೋವಿಗೆ ಎಲ್ಲಕ್ಕೂ ಅದೇ. ಎಸ್ಟೇಟಿನ ಗೇಟಿನಲ್ಲಿದ್ದ ಬಿಹಾರದ ವಾಚ್‌ಮನ್ ಸೀಸೆ ನೋಡಿ ಸಾಸಿವೆ ಎಣ್ಣೆಯೇ ಆಗಬೇಕೆಂದು ವಾದಿಸಿದ. ಮೌಲಾಸಾಬರು ಹೊರಡುವ ಗಡಿಬಿಡಿಯಲ್ಲಿ 'ಹಿತ್ತಾಳಿಗೆ ಎಣ್ಣೀನ ಬ್ಯಾಡ್ರಿ, ಹಂಗ ಕಡೀತೈತಿ' ಎಂದು ಹೇಳಿ ಹೋದರು. ಇಡೀ ಭಾರತವೇ ನನ್ನ ಸರಳಿನ ವಿಷಯದಲ್ಲಿ ಒಂದೊಂದು ಅಭಿಪ್ರಾಯ ಇಟ್ಟುಕೊಂಡಂತೆ ಕಂಡಿತು. ಸುಗುಣಳ ಮನಸ್ಸು ನೋಯಿಸಬಾರದೆಂದು ಎರಡು ಹನಿ ತೆಂಗಿನೆಣ್ಣೆ ಬಿಟ್ಟೆ.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ. ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದವು. ಮೊದಲಿಗೆ ಡೈ ಕಚ್ಚಲೇ ಇಲ್ಲ, ಜಾರಿ ಜಾರಿ ತಿರುಗಿತು. ಬೆವರು ಒರೆಸಿಕೊಂಡು ನೋಡಿದರೆ ಅದನ್ನು ಬೋರಲು ಹಾಕಿದ್ದೆ. ಅಕ್ಷರ ಕೆತ್ತಿದ ಮುಖ ಸರಳಿನ ಕಡೆಗಿರಬೇಕು, ಆ ಕಡೆ ಹಲ್ಲು ತುಸು ಅಗಲವಾಗಿರುತ್ತದೆ. ಮಗುಚಿ ಹಾಕಿ ಒತ್ತಿದೆ. ಕಿರ್ ಎಂದು ಒಂದು ಸದ್ದು, ಅಂಗೈಗೆ ಹಿಡಿತದ ಅನುಭವ. ಡೈ ಸರಳನ್ನು ಹಿಡಿದುಕೊಂಡಿತ್ತು. ಇನ್ನು ನಾನು ಒತ್ತಬೇಕಾಗಿರಲಿಲ್ಲ, ಅದೇ ತನ್ನನ್ನು ಎಳೆದುಕೊಂಡು ಇಳಿಯಿತು. ಚಿನ್ನದ ಬಣ್ಣದ ಪುಡಿ ನನ್ನ ಚಪ್ಪಲಿಯ ಮೇಲೆ ಉದುರಿತು. ಅಯ್ಯೋ, ಎಂಥ ಖುಷಿ ಮಾರಾಯ್ರೆ! ಅರವತ್ತು ದಾಟಿದವನಿಗೆ ಇಷ್ಟು ಅಗ್ಗದಲ್ಲಿ ಇಂಥ ಖುಷಿ ಬೇರೆಲ್ಲಿಯೂ ಸಿಗಲಾರದು.

ಅರ್ಧ ಸುತ್ತು ಮುಂದೆ ತಿರುಗಿಸಿದರೆ ಕಾಲು ಸುತ್ತು ಹಿಂದೆ ತಿರುಗಿಸಬೇಕು, ಇದು ನಿಯಮ. ಇಲ್ಲಿ ನಾನು ಬಾಳಿನ ಬಗ್ಗೆ ಏನಾದರೂ ದೊಡ್ಡ ಮಾತು ಹೇಳುತ್ತೇನೆಂದು ನೀವು ಕಾಯುತ್ತಿರಬಹುದು. ಹೇಳುವುದಿಲ್ಲ. ಹಿಂದೆ ತಿರುಗಿಸುವುದು ಹಲ್ಲಿನಲ್ಲಿ ಸಿಕ್ಕಿದ ಪುಡಿ ಮುರಿದು ಬೀಳಲಿ ಎಂದು, ಅಷ್ಟೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ. ಚೂಡಿ ಎಂದರೇನು? ಒಂದು ಇಳಿಜಾರು ದಾರಿಯನ್ನು ಕಂಬಕ್ಕೆ ಸುತ್ತಿದ್ದು. ಕಾಗದವನ್ನು ಓರೆಯಾಗಿ ಕತ್ತರಿಸಿ ಪೆನ್ಸಿಲಿಗೆ ಸುತ್ತಿ ನೋಡಿ, ಅಂಚು ತಾನಾಗಿ ಚೂಡಿಯಾಗುತ್ತದೆ. ಘಾಟಿಯ ರಸ್ತೆಯೂ ಇದೇ. ನೆಟ್ಟಗೆ ಹತ್ತಲಾರದ ಬಸ್ಸು ಸುತ್ತಿ ಸುತ್ತಿ ಹತ್ತುತ್ತದೆ. ನಮ್ಮ ಚಕ್ಕುಲಿ ಒರಳಿನ ತಿರುಪೂ ಇದೇ. ಮುಷ್ಟಿಯಿಂದ ಒತ್ತಲಾಗದ ಹಿಟ್ಟನ್ನು ಎರಡು ಬೆರಳಲ್ಲಿ ಒತ್ತಿಸುತ್ತದೆ. ಬಿಗಿ ಮಾಡಲು ಎಲ್ಲರೂ ಬಲಕ್ಕೇ ತಿರುಗಿಸುತ್ತೇವೆ, ದೇವರಿಗೆ ಪ್ರದಕ್ಷಿಣೆ ಬರುವ ದಿಕ್ಕು ಅದು. ಬಲಗೈಯ ಮಣಿಕಟ್ಟಿಗೆ ಆ ಕಡೆ ಬಲ ಹೆಚ್ಚಂತೆ, ವಿದ್ವಾಂಸರು ಹಾಗೆನ್ನುತ್ತಾರೆ. ಎಡಚರನ್ನು ಯಾರಾದರೂ ಕೇಳಿದ್ದಾರೋ ಇಲ್ಲವೋ. ಹೀಗೆ ಪಾಂಡಿತ್ಯದಲ್ಲಿ ಮೈಮರೆತು ಎರಡನೆಯ ತುದಿಯನ್ನು ಸೊಟ್ಟ ಹಾಕಿದೆ.

ಮೌಲಾಸಾಬರು ಬಂದು ನೋಡಿ ಹಿಗ್ಗಿದರು. 'ನಾ ಹೇಳಿರಲಿಲ್ಲೇನ್ರಿ?' ಕೆಟ್ಟ ತುದಿಯನ್ನು ಕತ್ತರಿಸಿ ಬಿಸಾಕಿ ಮತ್ತೆ ಹಾಕಿದೆ. ಈ ಸಲ ಅವರು ಎದುರಿಗೆ ನಿಂತು ಒಂದು ಕಣ್ಣು ಮುಚ್ಚಿಕೊಂಡು 'ಎಡಕ್ಕ... ಹಾಂ... ನಕ್ಕೋ ನಕ್ಕೋ, ಅಷ್ಟು ಬ್ಯಾಡ' ಎನ್ನುತ್ತಿದ್ದರು. ಯಾವ ಮದುವೆಯ ಕತೆಯನ್ನೂ ಹೇಳಲಿಲ್ಲ. ಚೂಡಿ ನೆಟ್ಟಗೆ ಇಳಿಯಿತು. ನಟ್ಟು ಹಾಕಿ ಬೆರಳಿನಿಂದ ತಳ್ಳಿದರೆ ಅದು ಗಿರಗಿರನೆ ತಿರುಗುತ್ತ ಕೆಳಗೆ ಹೋಯಿತು. ಇಬ್ಬರೂ ಮೂರ್ನಾಲ್ಕು ಸಲ ಹಾಗೇ ಆಡಿಸಿದೆವು.

ಮನೆಯಲ್ಲಿ ದೀಪ ಕೂಡಿಸುವಾಗ ಇನ್ನೊಂದು ರಗಳೆ. ಸರಳು ತೂರಿಸಿ, ಮೇಲಿನಿಂದ ಹಂಸವನ್ನು ತಿರುಗಿಸಿ ತಿರುಗಿಸಿ ಬಿಗಿದೆ. ಪೂರ್ತಿ ಬಿಗಿಯಾದಾಗ ಹಂಸ ಗೋಡೆಯ ಕಡೆ ಮುಖ ಮಾಡಿ ನಿಂತಿತು, ಪೀಠದ ಮುಂಬದಿಯ ಕೆತ್ತನೆ ಮಾತ್ರ ಈ ಕಡೆಗೆ, ಹಾಗಾಗಿ ಇಡೀ ದೀಪವನ್ನೇ ತಿರುಗಿಸುವಂತಿಲ್ಲ. ಸಭಿಕರ ಕಡೆ ತಿರುಗಿಸಿದರೆ ಸಡಿಲ. ಬಿಗಿ ಮಾಡಿದರೆ ಸಭಿಕರಿಗೆ ಬೆನ್ನು. ನಾನು ಕಾಗದದ ಬಿಲ್ಲೆ ಕತ್ತರಿಸಿ ಅಡಿಗಿಡಲು ಹೊರಟಿದ್ದೆ. ಸುಗುಣ ಬಟ್ಟೆ ಮಡಚುತ್ತಿದ್ದವಳು 'ಅದನ್ನು ಯಾಕೆ ತಿರುಗಿಸ್ತೀರಿ? ಅದರ ಮುಖ ಹಿಡ್ಕೊಂಡು ಅಡಿಯ ನಟ್ಟು ತಿರುಗಿಸ್ಲಿಕ್ಕಾಗುದಿಲ್ವಾ' ಎಂದಳು. ಆಗುತ್ತದೆ. ಹಂಸವನ್ನು ಅವಳು ಹಿಡಿದುಕೊಂಡಳು, ದೀಪವನ್ನು ಮಂಚದ ಮೇಲೆ ಮಲಗಿಸಿ ನಾನು ಪೀಠದ ಒಳಗೆ ಸ್ಪ್ಯಾನರು ಹಾಕಿದೆ.

ನಿಲ್ಲಿಸಿದೆ. ತಳ್ಳಿದೆ. ಗುದ್ದಿದೆ. ಮೇಲಿನಿಂದ ಹಿಡಿದು ಜಗ್ಗಿದೆ. ಒಂದೇ ಎರಕದ ದೀಪದ ಹಾಗೆ ನಿಂತಿತ್ತು. ಹೆಮ್ಮೆಯಿಂದ ನನ್ನ ಎದೆ ಅಂಗಿಯ ಗುಂಡಿಗೆ ಹೊರೆಯಾಯಿತು. 'ಇನ್ನು ಯಾರೂ ಇದನ್ನು ಹಿಡಿಯಬೇಕಾಗಿಲ್ಲ' ಎಂದೆ.

ಸುಗುಣ ದೀಪವನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. 'ಹಾಗಾದ್ರೆ ವಾರಿಜಕ್ಕ ಸ್ಟೇಜಿಗೆ ಯಾಕೆ ಹೋಗುದು?'

ಈ ಹೆಂಗಸರಿಗೆ ಇಂಥ ಪ್ರಶ್ನೆಗಳು ಎಲ್ಲಿಂದ ಬರುತ್ತವೋ! ನನ್ನ ಉತ್ಸಾಹವೆಲ್ಲ ಜರ್ರನೆ ಇಳಿದುಹೋಯಿತು. ಹೌದಲ್ಲ. ವಾರಿಜಕ್ಕ ಕಮಿಟಿಯಲ್ಲಿಲ್ಲ, ದಾನಿಗಳ ಪಟ್ಟಿಯಲ್ಲಿಲ್ಲ, ಭಾಷಣ ಮಾಡುವವರಲ್ಲ. ವರ್ಷಕ್ಕೊಮ್ಮೆ ಅವರು ವೇದಿಕೆ ಹತ್ತುತ್ತಿದ್ದುದು ಆ ದೀಪ ಅಲ್ಲಾಡುತ್ತಿದ್ದುದರಿಂದ. ಅದಕ್ಕಾಗಿಯೇ ಅವರು ಮಡಿಕೆ ಬಿಚ್ಚದ ಸೀರೆಯೊಂದನ್ನು ಎತ್ತಿಡುತ್ತಿದ್ದರು. ಬಟನ್ ದೀಪ ಬಂದರೂ ಅವರ ಜಾಗ ಹೋಗುತ್ತಿತ್ತು, ನಾನು ದೀಪ ಗಟ್ಟಿ ಮಾಡಿದರೂ ಹೋಯಿತು. ಸದಾನಂದರು ಅವರನ್ನು ಮುಂಬಾಗಿಲಿನಿಂದ ಇಳಿಸಲು ಹೊರಟಿದ್ದರು, ನಾನು ಹಿಂಬಾಗಿಲಿನಿಂದ ಇಳಿಸಿದ್ದೆ.

ನಟ್ಟನ್ನು ಒಂದು ಸುತ್ತು ಸಡಿಲ ಬಿಟ್ಟರೆ ಹೇಗೆ ಎಂದು ಮೌಲಾಸಾಬರನ್ನು ಕೇಳಿದೆ. ಅವರು ಕೆರಳಿದರು. 'ಏನ್ ಮಾತಾಡ್ತೀರಿ ಶೆಟ್ರ! ನನ್ನ ಗಾಳಾದಾಗ ಹಾಕಿದ ಚೂಡಿ. ಅದು ಅಲ್ಲಾಡಿದ್ರ ಮಂದಿ ನನಗ ಏನಂತಾರ? ಆ ದಿನ ನಾ ಖುದ್ ಬಂದು ನೋಡ್ತೀನಿ.' ಬನ್ನಿ ಎಂದೆ.

ವಾರ್ಷಿಕೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ. ನಾನು ಬೇಗನೆ ಹೋಗಿ ದೀಪ ನಿಲ್ಲಿಸಿದೆ. ಕಿಸೆಯಲ್ಲಿ ಸ್ಪ್ಯಾನರು ಇತ್ತು. ಸಡಿಲ ಮಾಡಲೋ ಬೇಡವೋ ಎಂದು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗಲೇ ವಾರಿಜಕ್ಕ ಬಂದರು. ನೇರಳೆ ಬಣ್ಣದ ಸೀರೆ, ತಲೆಯಲ್ಲಿ ಸೇವಂತಿಗೆ. ಸೀದಾ ದೀಪದ ಹತ್ತಿರ ಹೋಗಿ, ಹಳೆಯ ಜಾಗದಲ್ಲೇ ಕೈಯಿಟ್ಟು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು.

'ಭಾರೀ ಗಟ್ಟಿ ಮಾಡಿದ್ದೀಯ ಮಾರಾಯ' ಎಂದರು.

'ಹೌದು ವಾರಿಜಕ್ಕ' ಎಂದೆ. ನನ್ನ ದನಿ ಕಳ್ಳನ ದನಿಯ ಹಾಗಿತ್ತು.

'ಒಳ್ಳೇದಾಯ್ತು. ದೇವಸ್ಥಾನಕ್ಕೆ ಕೊಡುದು ತಪ್ಪಿತು' ಎಂದರು. ಆದರೆ ಕೆಳಗೆ ಹೋಗಿ ಕೂರಲಿಲ್ಲ. ಕೂತರೆ ಏಳಲು ಕಾರಣವಿರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ, ವೇದಿಕೆಯ ಬದಿಯ ಪರದೆಯ ಹತ್ತಿರ ನಿಂತೇ ಇದ್ದರು. ನಾನು ಸ್ಪ್ಯಾನರನ್ನು ಕಿಸೆಯ ಆಳಕ್ಕೆ ತಳ್ಳಿ, ಮೂರನೆಯ ಸಾಲಿನಲ್ಲಿ ಮೌಲಾಸಾಬರ ಪಕ್ಕ ಕೂತೆ. ಅವರು ಇಸ್ತ್ರಿ ಅಂಗಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಮಗನ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ದೀಪವನ್ನೇ ನೋಡುತ್ತಿದ್ದರು.

ಮುಖ್ಯ ಅತಿಥಿ ಪವಾಯಿಯಿಂದ ಬಂದ ಪ್ರೊಫೆಸರು, ಧಾರವಾಡದ ಹೆಣ್ಣುಮಗಳು. ಮೊದಲ ಬತ್ತಿ ಅವರು ಹಚ್ಚುವುದು, ಆಮೇಲೆ ಮೇಣದಬತ್ತಿ ಸದಾನಂದರ ಕೈಗೆ, ಅವರಿಂದ ದಾನಿಗಳ ಕೈಗೆ, ಹೀಗೆ ಕ್ರಮ. ಪ್ರೊಫೆಸರು ದೀಪದ ಮುಂದೆ ನಿಂತರು. ಪರದೆಯ ಬಳಿಯಿಂದ ವಾರಿಜಕ್ಕ ಎರಡು ಹೆಜ್ಜೆ ಮುಂದೆ ಬಂದರು. ಎಷ್ಟೋ ವರ್ಷದ ರೂಢಿ, ಕಾಲು ತಾನಾಗಿ ಬಂತು, ಕೈ ತಾನಾಗಿ ಚಾಚಿತು. ಕಂಬದ ಹತ್ತಿರ ಹೋದಮೇಲೆ ಅವರಿಗೆ ನೆನಪಾಯಿತು. ಹಿಡಿಯಲು ಏನೂ ಇಲ್ಲ. ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ನನಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ.

ಮೌಲಾಸಾಬರು ನನ್ನ ಪಕ್ಕೆಗೆ ತಿವಿದರು. ತಲೆಯೆತ್ತಿ ನೋಡಿದರೆ, ಮೊದಲ ಬತ್ತಿ ಹಚ್ಚಿ ಮುಗಿಸಿದ ಪ್ರೊಫೆಸರು ಚಾಚಿದ ಆ ಕೈಯನ್ನು ಕಂಡು, 'ತಗೋರಿ ಅಮ್ಮಾ' ಎಂದು ಮೇಣದಬತ್ತಿಯನ್ನು ಅದರಲ್ಲೇ ಇಟ್ಟುಬಿಟ್ಟಿದ್ದರು.

ವಾರಿಜಕ್ಕ ಒಂದು ಗಳಿಗೆ ಕೈಯಲ್ಲಿದ್ದ ಉರಿಯನ್ನು ನೋಡಿದರು. ಅಷ್ಟು ವರ್ಷ ಆ ದೀಪದ ಹಿಂದೆ ನಿಂತವರು, ಒಂದು ದಿನವೂ ಅದರ ಬತ್ತಿ ಹಚ್ಚಿರಲಿಲ್ಲ, ಕೈ ಬಿಡುವಿರಲಿಲ್ಲವಲ್ಲ. ದೀಪದ ಮುಂಭಾಗಕ್ಕೆ ಬಂದು ಎರಡನೆಯ ಬತ್ತಿ ಹಚ್ಚಿದರು. ಸದಾನಂದರು ನಗುತ್ತ ಮೇಣದಬತ್ತಿಗಾಗಿ ಕೈ ನೀಡಿದರು. ವಾರಿಜಕ್ಕ ಕೊಡಲಿಲ್ಲ. ಮೂರನೆಯದಕ್ಕೆ ಬಗ್ಗುತ್ತ, ಪಕ್ಕದಲ್ಲೇ ಇದ್ದ ಮೈಕಿನಲ್ಲಿ ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು:

'ಸದಾನಂದ, ನೀನು ಸ್ವಲ್ಪ ದೀಪ ಹಿಡ್ಕೋ ಮಾರಾಯ. ಅಲ್ಲಾಡ್ತದೆ.'

ಅಧ್ಯಕ್ಷರು ಗಡಿಬಿಡಿಯಿಂದ ಹಿಂದಕ್ಕೆ ಹೋಗಿ, ಬಗ್ಗಿ, ಸೇವಂತಿಗೆ ಮಾಲೆಯೊಳಗೆ ಕೈತೂರಿಸಿ ಕಂಬವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. ಫೋಟೋದವನು ಕ್ಲಿಕ್ಕಿಸಿದ. ವಾರಿಜಕ್ಕ ಒಂದಿಷ್ಟೂ ಅವಸರ ಮಾಡದೆ ಮಿಕ್ಕ ಬತ್ತಿಗಳನ್ನೆಲ್ಲ ತಾವೇ ಹಚ್ಚಿದರು.

ನನ್ನ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಮೌಲಾಸಾಬರು ಎದ್ದು ನಿಂತಿದ್ದರು, ಮುಖ ಕೆಂಪಾಗಿತ್ತು. 'ಏನ್ರಿ ಇದು! ಎಲ್ಲಿ ಅಲ್ಲಾಡತೈತಿ? ನೆಟ್ಟಗ ನಿಂತೈತಿ! ಹೇಳ್ರಿ ಅವರಿಗೆ!'

ಅವರ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದೆ.

'ಸುಮ್ಮನಿರಿ ಸಾಬ್ರೆ' ಎಂದೆ. 'ಅಲ್ಲಾಡ್ತದೆ.'